ಡೆಕಾಥ್ಲಾನ್, ಹೆಪ್ಟಾಥ್ಲಾನ್, ಟ್ರಯಥ್ಲಾನ್: ಬಹುಸ್ಪರ್ಧೆಗಳ ಬಗ್ಗೆ ಕನ್ನಡದಲ್ಲಿ ತಪ್ಪಿಲ್ಲದೆ ಬರೆಯುವುದು ಹೇಗೆ?

‘ಹೆಪ್ಟಾಥ್ಲಾನ್ ಓಟದಲ್ಲಿ ಜಿಲ್ಲೆಯ ಬಾಲಕಿಗೆ ಚಿನ್ನ’. ಇಂಥ ಶೀರ್ಷಿಕೆ ಓದಿದವರು ಆ ಹುಡುಗಿ ಓಡಿ ಗೆದ್ದಳು ಎಂದುಕೊಳ್ಳುತ್ತಾರೆ. ಆದರೆ ಹೆಪ್ಟಾಥ್ಲಾನ್ ಓಟವಲ್ಲ. ಅದರಲ್ಲಿ ಮೂರು ಓಟ, ಎರಡು ಜಿಗಿತ, ಎರಡು ಎಸೆತ ಇವೆ. ಎರಡು ದಿನ ಮೈದಾನದಲ್ಲಿ ಬೆವರು ಹರಿಸಿದವಳ ಶ್ರಮದ ಅರ್ಧಕ್ಕಿಂತ ಹೆಚ್ಚು ಪಾಲನ್ನು ‘ಓಟ’ ಎಂಬ ಒಂದು ಪದ ಅಳಿಸಿಬಿಡುತ್ತದೆ.

ಶಾಲಾ ಕ್ರೀಡಾಕೂಟದ ವರದಿ ಬರೆಯುವ ದೈಹಿಕ ಶಿಕ್ಷಕರು, ಮೈಕ್ ಹಿಡಿದು ಉದ್ಘೋಷಣೆ ಮಾಡುವವರು, ಸುದ್ದಿಮನೆಯ ಉಪಸಂಪಾದಕರು, ಅಂತರ್ಜಾಲದಲ್ಲಿ ಕ್ರೀಡೆಯ ಬಗ್ಗೆ ಬರೆಯುವವರು ದಿನವೂ ಎದುರಿಸುವ ತೊಡಕು ಇದು. ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಂಡರೆ ಬಹುಪಾಲು ತಪ್ಪುಗಳು ಅಲ್ಲೇ ನಿಲ್ಲುತ್ತವೆ. ಒಳಗೆ ಎಷ್ಟು ಸ್ಪರ್ಧೆಗಳಿವೆ? ಅವು ಯಾವ ಕ್ರೀಡೆಗೆ ಸೇರಿದವು? ಗೆದ್ದವರನ್ನು ಅಂಕದಿಂದ ತೀರ್ಮಾನಿಸುತ್ತಾರೋ, ಸಮಯದಿಂದಲೋ? ಪದ ನೋಡಿದರೆ ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಸಿಗುತ್ತದೆ. ಉಳಿದೆರಡನ್ನು ನಾವೇ ಹುಡುಕಬೇಕು.

ಮೊದಲು ಎಣಿಕೆ

ಈ ಪದಗಳ ಬಾಲದಲ್ಲಿರುವ ‘ಅಥ್ಲಾನ್’ ಗ್ರೀಕ್ ಮೂಲದ್ದು. ಅಥ್ಲೋಸ್ ಎಂದರೆ ಪಂದ್ಯ, ಅಥ್ಲಾನ್ ಎಂದರೆ ಪಂದ್ಯದಲ್ಲಿ ಗೆದ್ದವರಿಗೆ ಸಿಗುವ ಬಹುಮಾನ. ಅಥ್ಲೀಟ್, ಅಥ್ಲೆಟಿಕ್ಸ್ ಎಂಬ ಪದಗಳೂ ಇದೇ ಬೇರಿನವು. ತಲೆಯಲ್ಲಿರುವುದು ಸಂಖ್ಯೆ. ಕನ್ನಡಿಗರಿಗೆ ಅದನ್ನು ನೆನಪಿಡುವುದು ಕಷ್ಟವಲ್ಲ, ಏಕೆಂದರೆ ಗ್ರೀಕ್ ಮತ್ತು ಸಂಸ್ಕೃತದ ಸಂಖ್ಯಾವಾಚಕಗಳು ಒಂದೇ ಮೂಲದಿಂದ ಬಂದವು. ತ್ರಿ–ಟ್ರೈ, ಪಂಚ–ಪೆಂಟಾ, ಸಪ್ತ–ಹೆಪ್ಟಾ, ಅಷ್ಟ–ಆಕ್ಟಾ, ದಶ–ಡೆಕಾ. ಸಪ್ತಕ್ಕೂ ಹೆಪ್ಟಾಕ್ಕೂ ಸಂಬಂಧ ಎಲ್ಲಿ ಎಂದು ಅನುಮಾನ ಬಂದರೆ, ಮೂಲದಲ್ಲಿ ಪದದ ಮೊದಲಿಗಿದ್ದ ಸಕಾರ ಗ್ರೀಕಿನಲ್ಲಿ ಹಕಾರವಾಯಿತು ಎಂಬುದನ್ನು ನೆನಪಿಡಿ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗಿ ‘ಪಾಲ್’ ‘ಹಾಲು’ ಆದದ್ದನ್ನು ಬಲ್ಲ ನಮಗೆ ಇಂಥ ಬದಲಾವಣೆ ಹೊಸದೇನಲ್ಲ.

ಇಲ್ಲಿ ಎರಡು ಕಡೆ ಎಡವುವವರು ಹೆಚ್ಚು. ಒಂದನೆಯದು ಮ್ಯಾರಥಾನ್. ಅದು ಈ ಕುಟುಂಬದ ಪದವೇ ಅಲ್ಲ. ಗ್ರೀಸ್‌ನ ಒಂದು ಊರಿನ ಹೆಸರು. ಅದರ ಬಾಲ ಕತ್ತರಿಸಿ ವಾಕಥಾನ್, ಹ್ಯಾಕಥಾನ್ ಮುಂತಾದ ಪದಗಳನ್ನು ಕಟ್ಟಿದ್ದಾರೆ. ಅವುಗಳಲ್ಲಿ ‘ಥಾನ್’ ಇದೆ, ‘ಥ್ಲಾನ್’ ಇಲ್ಲ. ಆದ್ದರಿಂದ ‘ಡೆಕಾಥಾನ್’, ‘ಟ್ರಯಥಾನ್’ ಎಂದು ಬರೆದರೆ ಅದು ಬೇರೆ ಕುಟುಂಬದ ಬಾಲ ತಂದು ಅಂಟಿಸಿದಂತೆ. ‘ಡೆಕಾಥಲಾನ್’ ಎಂದು ನಡುವೆ ಅಕಾರ ತೂರಿಸುವುದೂ ತಪ್ಪು. ಥಕಾರಕ್ಕೆ ಲಕಾರ ಒತ್ತಾಗಿಯೇ ಬರಬೇಕು.

ಎರಡನೆಯದು, ‘ಎರಡು’ ಎಂಬ ಅರ್ಥದ ಎರಡು ಪದಗಳು. ಬಯಥ್ಲಾನ್ ಎಂದರೆ ಹಿಮದ ಮೇಲೆ ಸ್ಕೀ ಓಟ ಮತ್ತು ರೈಫಲ್ ಶೂಟಿಂಗ್; 1960ರಿಂದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿದೆ. ಡುಯಥ್ಲಾನ್ ಎಂದರೆ ಓಟ, ಸೈಕ್ಲಿಂಗ್, ಮತ್ತೆ ಓಟ. ಎರಡೂ ಪದಗಳ ಅರ್ಥ ‘ದ್ವಿ’. ಹಾಗಾಗಿ ‘ದ್ವಿಸ್ಪರ್ಧೆ’ ಎಂದು ಅನುವಾದಿಸಿದರೆ ಓದುಗರ ಕೈಗೆ ಏನೂ ಸಿಗುವುದಿಲ್ಲ. ದಶಸ್ಪರ್ಧೆ, ಸಪ್ತಸ್ಪರ್ಧೆ ಎಂಬ ಅನುವಾದಗಳು ಕೇಳಲು ಚೆನ್ನಾಗಿದ್ದರೂ ಕ್ರೀಡಾಪುಟದಲ್ಲಾಗಲಿ ಮೈದಾನದಲ್ಲಾಗಲಿ ಬೇರೂರಿಲ್ಲ. ನಮ್ಮ ಸಲಹೆ ಇಷ್ಟು: ಹೆಸರನ್ನು ಹಾಗೆಯೇ ಇಟ್ಟುಕೊಳ್ಳಿ, ಮೊದಲ ಸಲ ಬಂದಾಗ ಎಣಿಕೆಯನ್ನು ಕನ್ನಡದಲ್ಲಿ ಮುಂದಿಡಿ. ‘ಹತ್ತು ಸ್ಪರ್ಧೆಗಳ ಡೆಕಾಥ್ಲಾನ್’, ‘ಏಳು ಸ್ಪರ್ಧೆಗಳನ್ನೊಳಗೊಂಡ ಹೆಪ್ಟಾಥ್ಲಾನ್’. ಎರಡನೇ ಸಲದಿಂದ ಬರೀ ಹೆಸರು ಸಾಕು.

ಇಡೀ ಗುಂಪಿಗೆ ಒಂದು ಹೆಸರು ಬೇಕಾದಾಗ ‘ಬಹುಸ್ಪರ್ಧೆ’ ಎನ್ನಬಹುದು. ಈ ಲೇಖನದಲ್ಲಿ ಅದನ್ನೇ ಬಳಸಿದ್ದೇವೆ. ಆದರೆ ‘ಬಹುಕ್ರೀಡಾಕೂಟ’ ಬೇರೆ. ಹಲವು ಕ್ರೀಡೆಗಳು ಒಂದೆಡೆ ನಡೆಯುವ ಒಲಿಂಪಿಕ್ಸ್, ಏಷ್ಯನ್ ಗೇಮ್ಸ್‌ನಂಥವು ಬಹುಕ್ರೀಡಾಕೂಟಗಳು. ಒಬ್ಬರೇ ಹಲವು ಸ್ಪರ್ಧೆಗಳನ್ನು ಮುಗಿಸಿ ಒಂದೇ ಪದಕಕ್ಕಾಗಿ ಸೆಣಸುವುದು ಬಹುಸ್ಪರ್ಧೆ. ನಮ್ಮ ಶಾಲಾ ಕಾಲೇಜು ಕೂಟಗಳಲ್ಲಿ ಇನ್ನೊಂದು ಗೊಂದಲವಿದೆ: ‘ವೈಯಕ್ತಿಕ ಚಾಂಪಿಯನ್’ ಅಥವಾ ‘ವೀರಾಗ್ರಣಿ’. ಬೇರೆ ಬೇರೆ ಸ್ಪರ್ಧೆಗಳಲ್ಲಿ ಪಡೆದ ಸ್ಥಾನಗಳಿಗೆ ಅಂಕ ಕೊಟ್ಟು, ಹೆಚ್ಚು ಅಂಕ ಪಡೆದವರಿಗೆ ಕೊಡುವ ಪ್ರಶಸ್ತಿ ಅದು. ಅಲ್ಲಿ ಲೆಕ್ಕಕ್ಕೆ ಬರುವುದು ಸ್ಥಾನ. ಡೆಕಾಥ್ಲಾನ್‌ನಲ್ಲಿ ಲೆಕ್ಕಕ್ಕೆ ಬರುವುದು ಸಾಧನೆ: ಎಷ್ಟು ಮೀಟರ್ ಜಿಗಿದರು, ಎಷ್ಟು ಸೆಕೆಂಡಿನಲ್ಲಿ ಓಡಿದರು ಎಂಬುದು. ಹತ್ತರಲ್ಲಿ ಒಂದರಲ್ಲೂ ಮೊದಲಿಗರಾಗದೆ ಡೆಕಾಥ್ಲಾನ್ ಗೆಲ್ಲಬಹುದು. ವೀರಾಗ್ರಣಿಯನ್ನು ‘ಡೆಕಾಥ್ಲಾನ್ ವಿಜೇತ’ ಎಂದು ಬರೆಯಬೇಡಿ.

ಯಾವ ಕ್ರೀಡೆ? ಪೆಂಟಾಥ್ಲಾನ್ ಎಂಬ ಬಲೆ

ಇಡೀ ಪಟ್ಟಿಯಲ್ಲಿ ಹೆಚ್ಚು ಅಪಾಯಕಾರಿ ಪದ ಪೆಂಟಾಥ್ಲಾನ್. ‘ಐದು’ ಎಂಬುದು ಬದಲಾಗದಿದ್ದರೂ ಆ ಐದು ಯಾವುವು ಎಂಬುದು ಕಾಲಕ್ಕೆ ತಕ್ಕಂತೆ, ಕೂಟಕ್ಕೆ ತಕ್ಕಂತೆ ಬದಲಾಗಿದೆ.

ಪ್ರಾಚೀನ ಒಲಿಂಪಿಕ್ಸ್‌ನ ಪೆಂಟಾಥ್ಲಾನ್ ಕ್ರಿ.ಪೂ. 708ರಲ್ಲಿ ಸೇರಿತು ಎಂಬುದು ಪರಂಪರೆಯ ಲೆಕ್ಕ. ಓಟ, ಉದ್ದ ಜಿಗಿತ, ಡಿಸ್ಕಸ್, ಜಾವೆಲಿನ್, ಕುಸ್ತಿ ಅದರಲ್ಲಿದ್ದವು. ಕುಸ್ತಿ ಕಂಡರೆ ಅದು ಪ್ರಾಚೀನದ್ದೇ ಎಂದು ಗುರುತಿಸಬಹುದು. 1912ರಲ್ಲಿ ಸ್ಟಾಕ್‌ಹೋಮ್‌ ಒಲಿಂಪಿಕ್ಸ್‌ನಲ್ಲಿ ಒಂದಲ್ಲ, ಎರಡು ಪೆಂಟಾಥ್ಲಾನ್ ನಡೆದವು. ಒಂದು ಅಥ್ಲೆಟಿಕ್ಸ್‌ನದು: ಉದ್ದ ಜಿಗಿತ, ಜಾವೆಲಿನ್, 200 ಮೀಟರ್, ಡಿಸ್ಕಸ್, 1500 ಮೀಟರ್. ಅದನ್ನು ಗೆದ್ದವರು ಅಮೆರಿಕದ ಜಿಮ್ ಥೋರ್ಪ್. ಅದೇ ಕೂಟದಲ್ಲಿ ಡೆಕಾಥ್ಲಾನ್ ಕೂಡ ಅವರದ್ದೇ. ಇನ್ನೊಂದು ಆಧುನಿಕ ಪೆಂಟಾಥ್ಲಾನ್: ಫೆನ್ಸಿಂಗ್, ಈಜು, ಕುದುರೆ ಸವಾರಿ, ಪಿಸ್ತೂಲ್ ಶೂಟಿಂಗ್, ಓಟ. ಮುಂದೆ ಅಮೆರಿಕದ ಸೇನಾಧಿಕಾರಿಯಾಗಿ ಹೆಸರಾದ ಜಾರ್ಜ್ ಪ್ಯಾಟನ್ ಅದರಲ್ಲಿ ಐದನೇ ಸ್ಥಾನ ಪಡೆದರು. ಥೋರ್ಪ್ ಬಗ್ಗೆ ಬರೆಯುವಾಗ ‘ಆಧುನಿಕ’ ಎಂಬ ವಿಶೇಷಣ ಸೇರಿಸಿದರೆ ಅವರನ್ನು ಕುದುರೆ ಹತ್ತಿಸಿದಂತಾಗುತ್ತದೆ. ಪ್ಯಾಟನ್ ಬಗ್ಗೆ ಬರೆಯುವಾಗ ಅದನ್ನು ಬಿಟ್ಟರೆ ಅವರ ಕೈಗೆ ಜಾವೆಲಿನ್ ಕೊಟ್ಟಂತಾಗುತ್ತದೆ.

ಮಹಿಳೆಯರ ಪೆಂಟಾಥ್ಲಾನ್ 1964ರಿಂದ 1980ರವರೆಗೆ ಒಲಿಂಪಿಕ್ಸ್‌ನಲ್ಲಿತ್ತು. 1984ರಲ್ಲಿ ಅದರ ಜಾಗಕ್ಕೆ ಹೆಪ್ಟಾಥ್ಲಾನ್ ಬಂತು. ಆದ್ದರಿಂದ ‘1976ರ ಒಲಿಂಪಿಕ್ಸ್ ಹೆಪ್ಟಾಥ್ಲಾನ್’ ಎಂಬುದು ಇಲ್ಲವೇ ಇಲ್ಲ. ಒಳಾಂಗಣ ಅಥ್ಲೆಟಿಕ್ಸ್‌ನಲ್ಲಿ ಮಹಿಳೆಯರಿಗೆ ಈಗಲೂ ಪೆಂಟಾಥ್ಲಾನ್ ಇದೆ: 60 ಮೀಟರ್ ಹರ್ಡಲ್ಸ್, ಎತ್ತರ ಜಿಗಿತ, ಶಾಟ್‌ಪಟ್, ಉದ್ದ ಜಿಗಿತ, 800 ಮೀಟರ್. ಇಷ್ಟೂ ಒಂದೇ ದಿನದಲ್ಲಿ. ಅದೇ ಒಳಾಂಗಣದಲ್ಲಿ ಪುರುಷರಿಗಿರುವುದು ಹೆಪ್ಟಾಥ್ಲಾನ್: 60 ಮೀಟರ್, ಉದ್ದ ಜಿಗಿತ, ಶಾಟ್‌ಪಟ್, ಎತ್ತರ ಜಿಗಿತ ಮೊದಲ ದಿನ; 60 ಮೀಟರ್ ಹರ್ಡಲ್ಸ್, ಪೋಲ್‌ವಾಲ್ಟ್, 1000 ಮೀಟರ್ ಎರಡನೇ ದಿನ. ‘ಹೆಪ್ಟಾಥ್ಲಾನ್ ಎಂದರೆ ಮಹಿಳೆಯರದ್ದು, ಡೆಕಾಥ್ಲಾನ್ ಎಂದರೆ ಪುರುಷರದ್ದು’ ಎಂಬ ನಂಬಿಕೆ ಹೊರಾಂಗಣದ ಒಲಿಂಪಿಕ್ಸ್‌ ಮಟ್ಟಿಗೆ ಸರಿ, ಒಳಾಂಗಣಕ್ಕೆ ಹೊಂದುವುದಿಲ್ಲ. ಒಳಾಂಗಣದ ಅಂಕವನ್ನು ಹೊರಾಂಗಣದ ಅಂಕದ ಪಕ್ಕದಲ್ಲಿಟ್ಟು ಹೋಲಿಸುವುದಕ್ಕೂ ಅರ್ಥವಿಲ್ಲ.

ಆಧುನಿಕ ಪೆಂಟಾಥ್ಲಾನ್ ಬಗ್ಗೆ ಇನ್ನೊಂದು ಎಚ್ಚರ. ಪ್ಯಾರಿಸ್ 2024ರ ನಂತರ ಅದರಿಂದ ಕುದುರೆ ಸವಾರಿಯನ್ನು ತೆಗೆದು ಅಡೆತಡೆ ದಾಟುವ ಸ್ಪರ್ಧೆ ಸೇರಿಸಿದ್ದಾರೆ. ಶೂಟಿಂಗ್ ಮತ್ತು ಓಟ 2009ರಿಂದಲೇ ಬೆಸೆದುಕೊಂಡಿವೆ; ಈಗ ಬಳಸುವುದು ಲೇಸರ್ ಪಿಸ್ತೂಲ್. ಹಳೆಯ ಪಠ್ಯದಿಂದ ಐದರ ಪಟ್ಟಿ ನಕಲು ಮಾಡುವ ಮೊದಲು ಯಾವ ವರ್ಷದ ಕೂಟ ಎಂದು ನೋಡಿಕೊಳ್ಳಿ.

ಟ್ರಯಥ್ಲಾನ್‌ನಲ್ಲೂ ಇಂಥದ್ದೇ ಇಬ್ಬಂದಿ. ಸಿಡ್ನಿ 2000ರಲ್ಲಿ ಒಲಿಂಪಿಕ್ಸ್‌ಗೆ ಬಂದ ಟ್ರಯಥ್ಲಾನ್ ಎಂದರೆ 1.5 ಕಿ.ಮೀ. ಈಜು, 40 ಕಿ.ಮೀ. ಸೈಕ್ಲಿಂಗ್, 10 ಕಿ.ಮೀ. ಓಟ. ಆದರೆ ಭಾರತದ ಜೂನಿಯರ್ ಅಥ್ಲೆಟಿಕ್ಸ್‌ನಲ್ಲಿ 14 ವರ್ಷದೊಳಗಿನವರಿಗೆ ನಡೆಸುವ ಮೂರು ಸ್ಪರ್ಧೆಗಳ ಕಟ್ಟನ್ನೂ ಟ್ರಯಥ್ಲಾನ್ ಎಂದೇ ಕರೆಯುತ್ತಾರೆ. ಅಲ್ಲಿ ಈಜೂ ಇಲ್ಲ, ಸೈಕಲ್ಲೂ ಇಲ್ಲ. ಓಟ, ಜಿಗಿತ, ಎಸೆತಗಳಿಂದ ಆಯ್ದ ಮೂರು ಇರುತ್ತವೆ. ಹಳ್ಳಿಯ ಶಾಲೆಯ ಹುಡುಗ ‘ಟ್ರಯಥ್ಲಾನ್‌ನಲ್ಲಿ ಪದಕ ಗೆದ್ದ’ ಎಂಬ ಸುದ್ದಿ ಬಂದರೆ ಈಜುಗಾರನ ಚಿತ್ರ ಹಾಕುವ ಮುನ್ನ ತರಬೇತುದಾರರಿಗೆ ಒಂದು ಫೋನ್ ಮಾಡಿ. ವರದಿಯಲ್ಲಿ ‘ಅಥ್ಲೆಟಿಕ್ಸ್‌ನ ಟ್ರಯಥ್ಲಾನ್’ ಎಂದು ಬರೆದು ಮೂರೂ ಸ್ಪರ್ಧೆಗಳನ್ನು ಹೆಸರಿಸುವುದು ಕ್ಷೇಮ.

ಐರನ್‌ಮ್ಯಾನ್ ಎಂಬುದು ದೂರದ ಟ್ರಯಥ್ಲಾನ್‌ನ ಬ್ರ್ಯಾಂಡ್ ಹೆಸರು. ಸುಮಾರು 3.8 ಕಿ.ಮೀ. ಈಜು, 180 ಕಿ.ಮೀ. ಸೈಕ್ಲಿಂಗ್, ನಂತರ ಪೂರ್ಣ ಮ್ಯಾರಥಾನ್. ಅದನ್ನು ಪೂರೈಸಿದವರನ್ನು ‘ಉಕ್ಕಿನ ಮನುಷ್ಯ’ ಎಂದು ಅನುವಾದಿಸಿ ಕರೆದರೆ ಕನ್ನಡ ಓದುಗರ ಮನಸ್ಸಿಗೆ ಬರುವುದು ಸರ್ದಾರ್ ಪಟೇಲರು. ಹಾಗಾಗಿ ‘ಐರನ್‌ಮ್ಯಾನ್ ಟ್ರಯಥ್ಲಾನ್ ಪೂರೈಸಿದರು’ ಎನ್ನಿ. ಗೋವಾದಲ್ಲಿ ನಡೆಯುವ ‘70.3’ ಕೂಟದ ಹೆಸರಿನಲ್ಲಿರುವ ಸಂಖ್ಯೆ ಮೈಲುಗಳದ್ದು. ಒಟ್ಟು ದೂರ ಸುಮಾರು 113 ಕಿ.ಮೀ. ‘70.3 ಕಿ.ಮೀ.’ ಎಂದು ಬರೆದರೆ ಆ ಕ್ರೀಡಾಪಟುವಿನ 43 ಕಿ.ಮೀ. ಶ್ರಮ ಕಳೆದುಹೋಗುತ್ತದೆ.

ಒಳಗಿನ ಸ್ಪರ್ಧೆಗಳು, ಅವುಗಳ ಕ್ರಮ

ಡೆಕಾಥ್ಲಾನ್, ಮೊದಲ ದಿನ: 100 ಮೀಟರ್, ಉದ್ದ ಜಿಗಿತ, ಶಾಟ್‌ಪಟ್, ಎತ್ತರ ಜಿಗಿತ, 400 ಮೀಟರ್.
ಎರಡನೇ ದಿನ: 110 ಮೀಟರ್ ಹರ್ಡಲ್ಸ್, ಡಿಸ್ಕಸ್ ಥ್ರೋ, ಪೋಲ್‌ವಾಲ್ಟ್, ಜಾವೆಲಿನ್ ಥ್ರೋ, 1500 ಮೀಟರ್.

ಹೆಪ್ಟಾಥ್ಲಾನ್, ಮೊದಲ ದಿನ: 100 ಮೀಟರ್ ಹರ್ಡಲ್ಸ್, ಎತ್ತರ ಜಿಗಿತ, ಶಾಟ್‌ಪಟ್, 200 ಮೀಟರ್.
ಎರಡನೇ ದಿನ: ಉದ್ದ ಜಿಗಿತ, ಜಾವೆಲಿನ್ ಥ್ರೋ, 800 ಮೀಟರ್.

ಈ ಕ್ರಮ ನಿಯಮದ್ದು, ಬದಲಾಯಿಸುವಂತಿಲ್ಲ. ‘ಮೊದಲ ದಿನದ ಕೊನೆಗೆ ಮುನ್ನಡೆ’ ಎಂದು ಬರೆಯುವಾಗ ಯಾವ ಸ್ಪರ್ಧೆಗಳು ಮುಗಿದಿವೆ, ಯಾವುವು ಬಾಕಿ ಎಂದು ಈ ಪಟ್ಟಿಯಿಂದಲೇ ತಿಳಿಯುತ್ತದೆ. ಉದ್ದ ಜಿಗಿತದಲ್ಲಿ ಪಳಗಿದ ಹೆಪ್ಟಾಥ್ಲೀಟ್ ಮೊದಲ ದಿನ 100 ಅಂಕ ಹಿಂದಿದ್ದರೂ ಅದನ್ನು ‘ಸೋಲಿನ ಅಂಚು’ ಎನ್ನಬೇಕಿಲ್ಲ. ಅವರ ಬಲದ ಸ್ಪರ್ಧೆ ಮರುದಿನ ಬೆಳಿಗ್ಗೆ ಇದೆ.

ಶಾಟ್‌ಪಟ್, ಡಿಸ್ಕಸ್, ಜಾವೆಲಿನ್‌ಗಳಿಗೆ ಗುಂಡು ಎಸೆತ, ಚಕ್ರ ಎಸೆತ, ಭರ್ಜಿ ಎಸೆತ ಎಂಬ ಹೆಸರುಗಳು ಶಾಲಾ ಮೈದಾನದಲ್ಲಿ ಚೆನ್ನಾಗಿ ನಡೆಯುತ್ತವೆ. ಎರಡೂ ಸರಿ, ಆದರೆ ಒಂದೇ ವರದಿಯಲ್ಲಿ ಎರಡನ್ನೂ ಬೆರೆಸಬೇಡಿ. ಹರ್ಡಲ್ಸ್ ಅನ್ನು ‘ಅಡೆತಡೆ ಓಟ’ ಎಂದರೆ ಸ್ಟೀಪಲ್‌ಚೇಸ್ ಎಂದೂ ಅರ್ಥವಾಗಬಹುದು, ಆದ್ದರಿಂದ ಹರ್ಡಲ್ಸ್ ಎಂದೇ ಬಿಡುವುದು ಒಳ್ಳೆಯದು. ಪೋಲ್‌ವಾಲ್ಟ್‌ಗೆ ಕನ್ನಡದಲ್ಲಿ ಗಟ್ಟಿಯಾಗಿ ನಿಂತ ಹೆಸರಿಲ್ಲ. ‘ಕೋಲು ಜಿಗಿತ’ ಎಂದರೆ ಮೈದಾನದಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಮಾಡುವವರಿಗೆ ಡೆಕಾಥ್ಲೀಟ್, ಹೆಪ್ಟಾಥ್ಲೀಟ್, ಟ್ರಯಥ್ಲೀಟ್ ಎನ್ನಿ. ಗಂಡು ಹೆಣ್ಣು ಇಬ್ಬರಿಗೂ ಒಂದೇ ಪದ. ‘ಡೆಕಾಥ್ಲಾನ್ ಓಟಗಾರ’, ‘ಹೆಪ್ಟಾಥ್ಲಾನ್ ಆಟಗಾರ್ತಿ’ ಬೇಡ. ‘ಡೆಕಾಥ್ಲಾನ್ ಪಟು’ ನಡೆಯುತ್ತದೆ. ಡೆಕಾಥ್ಲಾನ್ ಎಂಬ ಹೆಸರಿನ ಕ್ರೀಡಾ ಸಾಮಗ್ರಿ ಮಳಿಗೆಯೂ ನಮ್ಮ ಊರುಗಳಲ್ಲಿದೆ. ಆದ್ದರಿಂದ ಶೀರ್ಷಿಕೆಯಲ್ಲಿ ‘ಡೆಕಾಥ್ಲಾನ್‌ಗೆ ಚಾಲನೆ’ ಎಂದಷ್ಟೇ ಬರೆದರೆ ಅಂಗಡಿ ತೆರೆಯಿತೇ, ಸ್ಪರ್ಧೆ ಶುರುವಾಯಿತೇ ಎಂಬ ಅನುಮಾನ ಬರುತ್ತದೆ. ‘ಪುರುಷರ ಡೆಕಾಥ್ಲಾನ್ ಸ್ಪರ್ಧೆ’ ಎಂದರೆ ಆ ಅನುಮಾನಕ್ಕೆ ಎಡೆಯಿಲ್ಲ.

ಅಂಕದ ಲೆಕ್ಕ

ಈಜು, ಸೈಕ್ಲಿಂಗ್, ಓಟಗಳ ಟ್ರಯಥ್ಲಾನ್‌ನಲ್ಲಿ ಗಡಿಯಾರ ನಿಲ್ಲುವುದಿಲ್ಲ. ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗುವ ಹೊತ್ತೂ ಒಟ್ಟು ಸಮಯಕ್ಕೆ ಸೇರುತ್ತದೆ. ಮೊದಲು ಗುರಿ ಮುಟ್ಟಿದವರು ಗೆದ್ದರು. ಅಲ್ಲಿ ‘ಅಂಕ’ ಎಂಬ ಮಾತೇ ಇಲ್ಲ. ‘ಸಮಯ’ ಎಂದು ಬರೆಯಿರಿ. ಡೆಕಾಥ್ಲಾನ್, ಹೆಪ್ಟಾಥ್ಲಾನ್‌ಗಳಲ್ಲಿ ಪ್ರತಿ ಸಾಧನೆಯನ್ನೂ ಅಂಕಕ್ಕೆ ಪರಿವರ್ತಿಸಿ ಕೂಡುತ್ತಾರೆ. ಬಳಕೆಯಲ್ಲಿರುವ ಕೋಷ್ಟಕ 1985ರಲ್ಲಿ ಜಾರಿಗೆ ಬಂದದ್ದು.

ಕೋಷ್ಟಕ ಕೈಯಲ್ಲಿ ಇಲ್ಲದಿದ್ದರೂ ಕ್ಯಾಲ್ಕುಲೇಟರ್ ಇದ್ದರೆ ಲೆಕ್ಕ ಹಾಕಬಹುದು. ಪುರುಷರ 100 ಮೀಟರ್‌ಗೆ: 18ರಿಂದ ಸಮಯವನ್ನು ಕಳೆಯಿರಿ, ಬಂದದ್ದನ್ನು 1.81ರ ಘಾತಕ್ಕೇರಿಸಿ, 25.4347ರಿಂದ ಗುಣಿಸಿ. 11.00 ಸೆಕೆಂಡ್ ಆದರೆ 18 − 11 = 7; ಉತ್ತರ 861.1. ದಶಮಾಂಶ ಬಿಟ್ಟುಬಿಡಬೇಕು, ಮೇಲಕ್ಕೆ ಏರಿಸಬಾರದು. ಅಂದರೆ 861.9 ಬಂದರೂ 861 ಅಂಕವೇ.

ಪುರುಷರ ಉದ್ದ ಜಿಗಿತಕ್ಕೆ: ಸೆಂಟಿಮೀಟರ್‌ನಲ್ಲಿರುವ ದೂರದಿಂದ 220 ಕಳೆಯಿರಿ, 1.4ರ ಘಾತಕ್ಕೇರಿಸಿ, 0.14354ರಿಂದ ಗುಣಿಸಿ. 7 ಮೀಟರ್ ಎಂದರೆ 700 − 220 = 480; ಉತ್ತರ 814. ಇಲ್ಲೇ ಹಲವರ ಲೆಕ್ಕ ಕೆಡುವುದು. ಜಿಗಿತಗಳಿಗೆ ಸೆಂಟಿಮೀಟರ್, ಎಸೆತಗಳಿಗೆ ಮೀಟರ್. ಜಿಗಿತಕ್ಕೆ ‘7.00’ ಎಂದು ಒತ್ತಿದರೆ ಕಳೆದದ್ದು ಋಣಸಂಖ್ಯೆಯಾಗಿ ಯಂತ್ರ ದೋಷ ತೋರಿಸುತ್ತದೆ. ಪುರುಷರ ಮತ್ತು ಮಹಿಳೆಯರ ಗುಣಕಗಳು ಬೇರೆ ಬೇರೆ ಎಂಬುದನ್ನೂ ಮರೆಯಬೇಡಿ. ಮಹಿಳೆಯರ ಉದ್ದ ಜಿಗಿತಕ್ಕೆ 210 ಕಳೆದು, 1.41ರ ಘಾತಕ್ಕೇರಿಸಿ, 0.188807ರಿಂದ ಗುಣಿಸಬೇಕು.

ಶಾಲಾ ಕೂಟಗಳಲ್ಲಿ ಕೆಡುವ ಇನ್ನೊಂದು ಜಾಗ ಸ್ಟಾಪ್‌ವಾಚ್. ಓಟ ಆರಂಭಿಸುವ ಪಿಸ್ತೂಲಿನ ಹೊಗೆ ಕಂಡು ಕೈಯಿಂದ ಒತ್ತುವಾಗ ಗಡಿಯಾರ ತಡವಾಗಿ ಶುರುವಾಗುತ್ತದೆ, ಸಮಯ ಕಡಿಮೆ ತೋರಿಸುತ್ತದೆ. ಅದಕ್ಕಾಗಿ 100, 200 ಮೀಟರ್ ಮತ್ತು ಸ್ಪ್ರಿಂಟ್ ಹರ್ಡಲ್ಸ್‌ಗೆ 0.24 ಸೆಕೆಂಡ್, 400 ಮೀಟರ್‌ಗೆ 0.14 ಸೆಕೆಂಡ್ ಸೇರಿಸಿದ ಮೇಲೆ ಅಂಕ ಹುಡುಕಬೇಕು. ಕೈಗಡಿಯಾರದ 11.2 ಸೆಕೆಂಡನ್ನು ನೇರವಾಗಿ ಹಾಕಿದರೆ 817 ಅಂಕ, 11.44 ಎಂದು ಸರಿಪಡಿಸಿ ಹಾಕಿದರೆ 765. ಒಂದೇ ಓಟದಲ್ಲಿ 52 ಅಂಕದ ಅಂತರ! ತೇಜಸ್ವಿನ್ ಶಂಕರ್ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 7666 ಅಂಕಗಳಿಂದ ಬೆಳ್ಳಿ ಗೆದ್ದು ಡೆಕಾಥ್ಲಾನ್‌ನ ರಾಷ್ಟ್ರೀಯ ದಾಖಲೆ ಬರೆದಾಗ, ಹಳೆಯ ದಾಖಲೆಗಿಂತ ಮುಂದಿದ್ದದ್ದು ಕೇವಲ 8 ಅಂಕ. ಇನ್ನು, ಆ ಕೂಟದ ಹೆಸರಿನಲ್ಲಿ 2022 ಇದ್ದರೂ ಅದು ನಡೆದದ್ದು 2023ರಲ್ಲಿ. ದಿನಾಂಕ ಬರೆಯುವಾಗ ಗಮನಿಸಿ.

ಅಂಕ ಹೇಗೆ ಹಂಚಿಕೆಯಾಗುತ್ತದೆ ಎಂಬುದಕ್ಕೆ ಅಮೆರಿಕದ ಜಾಕಿ ಜಾಯ್ನರ್ ಕರ್ಸಿ ಹೆಪ್ಟಾಥ್ಲಾನ್‌ನಲ್ಲಿ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬರೆದ 7291 ಅಂಕಗಳ ವಿಶ್ವದಾಖಲೆಗಿಂತ ಒಳ್ಳೆಯ ಪಾಠವಿಲ್ಲ. ಉದ್ದ ಜಿಗಿತದ 7.27 ಮೀಟರ್‌ಗೆ 1264 ಅಂಕ ಬಂದವು, ಜಾವೆಲಿನ್‌ನ 45.66 ಮೀಟರ್‌ಗೆ 776 ಅಷ್ಟೇ. ಹೀಗೆ ಬಿಡಿಸಿ ಬರೆದಾಗ ಓದುಗರಿಗೆ ಆ ಅಥ್ಲೀಟ್‌ನ ಬಲ ಎಲ್ಲಿ, ದೌರ್ಬಲ್ಯ ಎಲ್ಲಿ ಎಂದು ಕಾಣುತ್ತದೆ. ಜಾಗವಿದ್ದರೆ ಒಟ್ಟು ಅಂಕದ ಜೊತೆ ಅತಿ ಹೆಚ್ಚು ಅಂಕ ತಂದ ಒಂದು ಸ್ಪರ್ಧೆಯನ್ನಾದರೂ ಹೆಸರಿಸಿ.

ಹಳೆಯ ಅಂಕಗಳನ್ನು ಉಲ್ಲೇಖಿಸುವಾಗ ಯಾವ ಕೋಷ್ಟಕದ ಅಂಕ ಎಂದು ನೋಡಲೇಬೇಕು. ಬ್ರಿಟನ್ನಿನ ಡೆಕಾಥ್ಲೀಟ್ ಡೇಲಿ ಥಾಂಪ್ಸನ್ 1984ರ ಲಾಸ್ ಏಂಜಲೀಸ್‌ ಒಲಿಂಪಿಕ್ಸ್‌ನಲ್ಲಿ ಪಡೆದದ್ದು 8797. ವಿಶ್ವದಾಖಲೆಗೆ ಒಂದೇ ಅಂಕ ಕಡಿಮೆ. ಹರ್ಡಲ್ಸ್‌ನ ಫೋಟೊಫಿನಿಶ್ ಚಿತ್ರವನ್ನು ಮತ್ತೆ ಪರಿಶೀಲಿಸಿ 1986ರಲ್ಲಿ ಆ ಒಂದು ಅಂಕ ಕೊಟ್ಟರು, 8798 ಆಯಿತು. ಹೊಸ ಕೋಷ್ಟಕದಲ್ಲಿ ಅದೇ ಸಾಧನೆಗೆ 8847. ಮೂರು ಕಡೆ ಮೂರು ಸಂಖ್ಯೆ ಕಂಡರೆ ಯಾವುದೋ ಒಂದು ಸುಳ್ಳು ಎಂದುಕೊಳ್ಳಬೇಡಿ. ಒಂದನ್ನು ಆರಿಸಿ, ಯಾವ ಕೋಷ್ಟಕದ್ದು ಎಂದು ಹೇಳಿ.

ಗಾಳಿಯ ನಿಯಮವೂ ಬೇರೆ. ಬರೀ 100 ಮೀಟರ್ ಓಟದಲ್ಲಿ ಬೆನ್ನಗಾಳಿ ಸೆಕೆಂಡಿಗೆ 2.0 ಮೀಟರ್ ದಾಟಿದರೆ ದಾಖಲೆ ಊರ್ಜಿತವಲ್ಲ. ಡೆಕಾಥ್ಲಾನ್‌ನಲ್ಲಿ 100 ಮೀಟರ್, ಉದ್ದ ಜಿಗಿತ, 110 ಮೀಟರ್ ಹರ್ಡಲ್ಸ್ ಈ ಮೂರರ ಸರಾಸರಿ 2.0 ದಾಟಬಾರದು. ಹೆಪ್ಟಾಥ್ಲಾನ್‌ನಲ್ಲಿ ಹರ್ಡಲ್ಸ್, 200 ಮೀಟರ್, ಉದ್ದ ಜಿಗಿತಗಳ ಸರಾಸರಿ. ಒಂದು ಸ್ಪರ್ಧೆಯಲ್ಲಿ ಗಾಳಿ ಜೋರಿದ್ದ ಮಾತ್ರಕ್ಕೆ ‘ದಾಖಲೆ ಕೈತಪ್ಪಿತು’ ಎಂದು ಬರೆಯಲು ಅವಸರ ಬೇಡ.

ಶೂನ್ಯ ಬೇರೆ, ಹಿಂದೆ ಸರಿಯುವುದು ಬೇರೆ

ಉದ್ಘೋಷಕರು ಹೆಚ್ಚು ತಪ್ಪುವುದು ಇಲ್ಲಿ. ಮೂರು ಪ್ರಯತ್ನವೂ ಫೌಲ್ ಆದರೆ, ಅಥವಾ ಪೋಲ್‌ವಾಲ್ಟ್‌ನಲ್ಲಿ ಆರಂಭದ ಎತ್ತರವನ್ನೇ ದಾಟದಿದ್ದರೆ ಆ ಸ್ಪರ್ಧೆಗೆ ಸೊನ್ನೆ ಅಂಕ, ಆದರೆ ಅಥ್ಲೀಟ್ ಕಣದಲ್ಲೇ ಉಳಿಯುತ್ತಾರೆ. ಅಮೆರಿಕದ ಡಾನ್ ಒಬ್ರಿಯನ್ 1992ರ ಆಯ್ಕೆ ಕೂಟದಲ್ಲಿ ಪೋಲ್‌ವಾಲ್ಟ್‌ನಲ್ಲಿ ಹೀಗೆ ಸೊನ್ನೆ ಸುತ್ತಿ ಬಾರ್ಸಿಲೋನಾ ಒಲಿಂಪಿಕ್ಸ್ ಅವಕಾಶ ಕಳೆದುಕೊಂಡರು. 1996ರಲ್ಲಿ ಅಟ್ಲಾಂಟಾದಲ್ಲಿ ಚಿನ್ನ ಗೆದ್ದರು. ಇಂಥವರನ್ನು ‘ಸ್ಪರ್ಧೆಯಿಂದ ಹೊರಬಿದ್ದರು’ ಎನ್ನಬಾರದು. ‘ಪೋಲ್‌ವಾಲ್ಟ್‌ನಲ್ಲಿ ಅಂಕ ಗಳಿಸಲಿಲ್ಲ’ ಎನ್ನಿ.

ಯಾವುದೇ ಒಂದು ಸ್ಪರ್ಧೆಗೆ ಕಣಕ್ಕಿಳಿಯದಿದ್ದರೆ ಮಾತ್ರ ಕತೆ ಬೇರೆ. ಓಟ ಆರಂಭಿಸದೆ, ಒಂದು ಪ್ರಯತ್ನವನ್ನೂ ಮಾಡದೆ ಬಿಟ್ಟರೆ ಮುಂದಿನವುಗಳಲ್ಲಿ ಭಾಗವಹಿಸುವಂತಿಲ್ಲ, ಅಂತಿಮ ಸ್ಥಾನವೂ ಇಲ್ಲ. ‘ಹಿಂದೆ ಸರಿದರು’ ಎಂಬ ಮಾತು ಇದಕ್ಕೆ ಮೀಸಲು. ಧಾರವಾಡದ ಕಡೆಯ ಪಶುಪತಿಹಾಳದಲ್ಲಿ ಹುಟ್ಟಿದ ಜೆ.ಜೆ. ಶೋಭಾ ಅವರ ಅಥೆನ್ಸ್ 2004ರ ಸಾಹಸದ ತೂಕ ತಿಳಿಯುವುದು ಈ ನಿಯಮ ಗೊತ್ತಿದ್ದಾಗ. ಕೊನೆಯದಕ್ಕಿಂತ ಮುಂಚಿನ ಸ್ಪರ್ಧೆಯಾದ ಜಾವೆಲಿನ್‌ನಲ್ಲಿ ಗಾಯಗೊಂಡರೂ ಅವರು 800 ಮೀಟರ್‌ಗೆ ಇಳಿದು ಹೆಪ್ಟಾಥ್ಲಾನ್ ಪೂರೈಸಿದರು. ಆ ಓಟಕ್ಕೆ ನಿಲ್ಲದಿದ್ದರೆ ಆರು ಸ್ಪರ್ಧೆಗಳ ದುಡಿಮೆಗೆ ಸ್ಥಾನವೇ ಇರುತ್ತಿರಲಿಲ್ಲ. ಅದೇ ವರ್ಷ ದೆಹಲಿಯಲ್ಲಿ ಅವರು 6211 ಅಂಕಗಳ ರಾಷ್ಟ್ರೀಯ ದಾಖಲೆ ಬರೆದಿದ್ದರು.

ತಪ್ಪು ಆರಂಭದ ನಿಯಮವೂ ಮಾಮೂಲಿ ಓಟದಂತಲ್ಲ. ಬಹುಸ್ಪರ್ಧೆಯ ಓಟದಲ್ಲಿ ಮೊದಲ ತಪ್ಪು ಆರಂಭಕ್ಕೆ ಎಚ್ಚರಿಕೆ ಮಾತ್ರ. ಆಮೇಲೆ ಯಾರು ತಪ್ಪಿದರೂ ಆ ಓಟದಿಂದ ಅನರ್ಹರು. ಉದ್ದ ಜಿಗಿತ, ಎಸೆತಗಳಿಗೆ ಮೂರೇ ಪ್ರಯತ್ನ. ‘ಆರನೇ ಪ್ರಯತ್ನದಲ್ಲಿ’ ಎಂದು ಹೆಪ್ಟಾಥ್ಲಾನ್ ವರದಿಯಲ್ಲಿ ಕಂಡರೆ ಅದು ತಪ್ಪೇ. ಅಡ್ಡಪಟ್ಟಿ ಎತ್ತರ ಜಿಗಿತದಲ್ಲಿ 3 ಸೆಂ.ಮೀ., ಪೋಲ್‌ವಾಲ್ಟ್‌ನಲ್ಲಿ 10 ಸೆಂ.ಮೀ. ಲೆಕ್ಕದಲ್ಲಿ ಏರುತ್ತದೆ.

ಬೆರಳಚ್ಚು ಮತ್ತು ವಿಭಕ್ತಿ

ನಕಾರಾಂತ್ಯದ ಈ ಪದಗಳಿಗೆ ‘ನಲ್ಲಿ’ ಸೇರಿಸುವಾಗ ಕಂಪ್ಯೂಟರ್ ‘ಡೆಕಾಥ್ಲಾನ್ನಲ್ಲಿ’ ಎಂದು ಒತ್ತಕ್ಷರ ಮಾಡಿಬಿಡುತ್ತದೆ. ‘ನ್’ ಆದ ಮೇಲೆ ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಕಾಣದ ಅಕ್ಷರ ಹಾಕಿದರೆ ‘ಡೆಕಾಥ್ಲಾನ್‌ನಲ್ಲಿ’ ಎಂದು ಸರಿಯಾಗಿ ಮೂಡುತ್ತದೆ. ನಿಮ್ಮ ಕೀಲಿಮಣೆಯಲ್ಲಿ ಅದು ಎಲ್ಲಿದೆ ಎಂದು ಒಮ್ಮೆ ಹುಡುಕಿಟ್ಟುಕೊಳ್ಳಿ. ಸಿಗದಿದ್ದರೆ ‘ಡೆಕಾಥ್ಲಾನಿನಲ್ಲಿ’ ಎಂದು ಕನ್ನಡದ ಜಾಯಮಾನಕ್ಕೆ ಒಗ್ಗಿಸಿ ಬರೆಯಿರಿ. ತಪ್ಪೇನಿಲ್ಲ, ಓದಲೂ ಸಲೀಸು. ‘ಪಾಯಿಂಟ್ಸ್‌ಗಳು’ ಎಂದು ಎರಡೆರಡು ಬಹುವಚನ ಬೇಡ, ‘ಅಂಕ’ ಎಂದರೆ ಸಾಕು. ನಾಲ್ಕಂಕಿಯ ಒಟ್ಟು ಅಂಕದಲ್ಲಿ ಅಲ್ಪವಿರಾಮ ಹಾಕುವುದಾದರೆ ಲೇಖನದುದ್ದಕ್ಕೂ ಹಾಕಿ, ಇಲ್ಲವಾದರೆ ಎಲ್ಲೂ ಬೇಡ.

ಒಂದು ವಾಕ್ಯ ಕಟ್ಟುವುದು

ಕೂಟ, ವಿಭಾಗ, ಬಹುಸ್ಪರ್ಧೆಯ ಹೆಸರು, ವ್ಯಕ್ತಿ, ಅಂಕ, ಪದಕ. ಈ ಕ್ರಮದಲ್ಲಿ ಜೋಡಿಸಿದರೆ ವಾಕ್ಯ ಕನ್ನಡದ ದಾರಿಯಲ್ಲೇ ನಡೆಯುತ್ತದೆ. ‘2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಮಹಿಳೆಯರ ಹೆಪ್ಟಾಥ್ಲಾನ್‌ನಲ್ಲಿ ಸ್ವಪ್ನಾ ಬರ್ಮನ್ 6026 ಅಂಕ ಗಳಿಸಿ ಚಿನ್ನ ಗೆದ್ದರು.’ ಎರಡು ‘ನಲ್ಲಿ’ ಒಟ್ಟಿಗೆ ಬಂದು ಕಿವಿಗೆ ಚುಚ್ಚಿದರೆ ‘ಜಕಾರ್ತ ಏಷ್ಯನ್ ಗೇಮ್ಸ್‌ನ ಹೆಪ್ಟಾಥ್ಲಾನ್‌ನಲ್ಲಿ’ ಎಂದು ಮಾಡಿ. ಏಳು ಸ್ಪರ್ಧೆಗಳಿದ್ದರೂ ಪದಕ ಒಂದೇ. ‘ಏಳು ಸ್ಪರ್ಧೆಗಳಲ್ಲಿ ಚಿನ್ನ ಗೆದ್ದರು’ ಎಂದರೆ ಏಳು ಪದಕ ಎಂದಾಗುತ್ತದೆ. ‘ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್‌ನಲ್ಲಿ ಚಿನ್ನ ಗೆದ್ದರು’ ಎಂಬುದೇ ಸರಿ.

ಕೊನೆಯ ಸ್ಪರ್ಧೆಯನ್ನು ವರ್ಣಿಸುವಾಗ ಅಂತರವನ್ನು ಸೆಕೆಂಡಿಗೆ ಇಳಿಸಿ ಹೇಳಿದರೆ ಓದುಗರಿಗೆ ರೋಚಕತೆ ತಲುಪುತ್ತದೆ. ಮಹಿಳೆಯರ 800 ಮೀಟರ್‌ನಲ್ಲಿ ಎರಡು ನಿಮಿಷ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಒಂದು ಸೆಕೆಂಡ್ ಎಂದರೆ 14–15 ಅಂಕ. 28 ಅಂಕ ಹಿಂದಿರುವವರು ಮುಂದಿರುವವರನ್ನು ಸುಮಾರು ಎರಡು ಸೆಕೆಂಡ್ ಹಿಂದಿಕ್ಕಬೇಕು. 1984ರಲ್ಲಿ ಹೆಪ್ಟಾಥ್ಲಾನ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದಾಗ ಆಸ್ಟ್ರೇಲಿಯಾದ ಗ್ಲಿನಿಸ್ ನನ್ 6390 ಅಂಕ ಗಳಿಸಿ ಚಿನ್ನ ಗೆದ್ದರು. ಬೆಳ್ಳಿ ಪಡೆದ ಜಾಕಿ ಜಾಯ್ನರ್ (ಮುಂದೆ ಜಾಯ್ನರ್ ಕರ್ಸಿ) ಅವರದ್ದು 6385. ಇಂದಿನ ಕೋಷ್ಟಕದ ಅಳತೆಯಲ್ಲಿ ನೋಡಿದರೆ ಆ ಐದು ಅಂಕ 800 ಮೀಟರ್‌ನಲ್ಲಿ ಸೆಕೆಂಡಿನ ಮೂರನೇ ಒಂದು ಪಾಲಿಗೆ ಸಮ.